ಭಿನ್ನ ಪ್ರಕೃತಿಯ ಮಕ್ಕಳೂ ಹೆತ್ತವರ ಮನಸ್ಸೂ

ಕಳೆದ ವಾರ ಒಬ್ಬ ಗೃಹಸ್ಥರು ನಮ್ಮ ಕಾರ್ಯಾಲಯಕ್ಕೆ ಬಂದಿದ್ದರು. ಕಚೇರಿಯೊಂದರಲ್ಲಿ ಗುಮಾಸ್ತರು, ಮಾತು ಕಡಮೆ. ಅವರ ಆರು ವರ್ಷದ ಮಗನಿಗೆ ಆಟಿಸಂ ಇದೆಯೆಂದು ವೈದ್ಯರು ಹೇಳಿ ಎರಡು ವರ್ಷಗಳಾದುವಂತೆ. ಶಾಲೆಯೊಂದರವರು ಹುಡುಗನನ್ನು ಸೇರಿಸಿಕೊಂಡು, ನಾಲ್ಕು ತಿಂಗಳಾದ ಮೇಲೆ “ಉಳಿದ ಮಕ್ಕಳ ಪಾಠ ಕೆಡುತ್ತದೆ” ಎಂದು ಮನೆಗೆ ಕಳುಹಿದರಂತೆ. ಈ ಅನ್ಯಾಯವನ್ನು ಪತ್ರಿಕೆಯಲ್ಲಿ ಎತ್ತಿ ಆಡಬೇಕೆಂದು ಕೇಳಲು ಬಂದಿರಬೇಕೆಂದು ನಾವು ಎಣಿಸಿದೆವು. ಅವರು ಕೇಳಿದುದು ಅದನ್ನಲ್ಲ. “ನನ್ನ ಮನೆಯಾಕೆ ಎರಡು ವರ್ಷದಿಂದ ಯಾರ ಮನೆಯ ಮದುವೆ ಮುಂಜಿಗೂ ಹೋಗಿಲ್ಲ, ಸ್ವಾಮಿ. ಮಗುವಿಗಾದರೋ ಆಸ್ಪತ್ರೆ ಉಂಟು. ಅವಳಿಗೆ ಯಾರಿದ್ದಾರೆ? ಅದನ್ನು ಬರೆಯಿರಿ” ಎಂದರು.

ಆ ಪ್ರಶ್ನೆಯನ್ನು ವಾಚಕರ ಮುಂದೆಯೂ ಅಧಿಕಾರಿವರ್ಗದವರ ಮುಂದೆಯೂ ಇಡುವುದು ನಮ್ಮ ಕರ್ತವ್ಯವಾಗಿದೆ.

ಇದು ಒಂದು ಮನೆಯ ದುಃಖವೆಂದು ಯಾರೂ ತಿಳಿಯಕೂಡದು. ಪಲವಲ, ಕಾಂಗಡಾ, ಢೇಂಕಾನಾಲ, ಉತ್ತರ ಗೋವೆ, ಹೈದರಾಬಾದು ಎಂಬ ಐದು ಕಡೆಗಳಲ್ಲಿ 2ರಿಂದ 9 ವರ್ಷದ ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಶೋಧದಲ್ಲಿ, ಸುಮಾರು ಎಂಟಕ್ಕೆ ಒಂದು ಮಗುವಿನಲ್ಲಿ ನರಮಂಡಲದ ಬೆಳವಣಿಗೆಗೆ ಸಂಬಂಧಿಸಿದ ಯಾವುದಾದರೊಂದು ತೊಡಕು ಕಂಡುಬಂದಿತು. ಈ ಲೆಕ್ಕದಲ್ಲಿ ದೃಷ್ಟಿ ಶ್ರವಣಗಳ ಕುಂದೂ ಅಪಸ್ಮಾರವೂ ಸೇರಿವೆಯೆಂಬುದು ನಿಜ. ಅವನ್ನು ಕಳೆದರೂ ಉಳಿಯುವ ಸಂಖ್ಯೆ ಚಿಕ್ಕದಲ್ಲ. ಹೆಸರು ಕರೆದರೆ ತಿರುಗಿ ನೋಡದೆ, ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿ ಚೀರುವ, ನಿತ್ಯದ ಕ್ರಮ ಒಂದಿಷ್ಟು ತಪ್ಪಿದರೂ ಕಂಗೆಡುವ ಆಟಿಸಂನ ಮಗು. ಒಂದು ಕಡೆ ಕುಳಿತುಕೊಳ್ಳಲಾರದೆ, ಹಿಡಿದ ಕೆಲಸವನ್ನು ಮುಗಿಸಲಾರದೆ ದಿನವೂ ಬೈಗುಳ ತಿನ್ನುವ ಎ.ಡಿ.ಎಚ್.ಡಿ. ಇರುವ ಮಗು, ಬಾಯಿಯಲ್ಲಿ ಚೆನ್ನಾಗಿ ಉತ್ತರ ಹೇಳಿ ಬರೆವಣಿಗೆಯಲ್ಲಿ ಸೋಲುವ ಡಿಸ್ಲೆಕ್ಸಿಯಾದ ಮಗು - ಇವರೆಲ್ಲರೂ ನಮ್ಮ ನಮ್ಮ ಬೀದಿಗಳಲ್ಲಿಯೇ ಇದ್ದಾರೆ. ಇದು ಅಂಟುರೋಗವಲ್ಲ, ಔಷಧದಿಂದ ತೆಗೆದುಹಾಕುವ ಬೇನೆಯೂ ಅಲ್ಲ. ಹುಟ್ಟಿನಿಂದಲೇ ಬಂದ ಬೇರೊಂದು ಪ್ರಕೃತಿ. ಅದನ್ನು ಅರಿತು ನಡೆಯುವವರ ನಡುವೆ ಮಗು ಬೆಳೆಯುತ್ತದೆ; ಅರಿಯದವರ ನಡುವೆ ಕುಗ್ಗುತ್ತದೆ.

ಹೀಗಿರಲು ಹೆತ್ತವರ ಮೇಲೆ, ಅದರಲ್ಲಿಯೂ ತಾಯಿಯ ಮೇಲೆ, ಅಪವಾದ ಹೊರಿಸುವುದು ಲೋಕದ ಹಳೆಯ ಚಾಳಿ. ಇದರಲ್ಲಿ ಓದುಬರಹ ತಿಳಿಯದವರಷ್ಟೇ ತಪ್ಪಿದರೆಂದು ಭಾವಿಸಬಾರದು. ಅಮೇರಿಕೆಯ ವೈದ್ಯ ಲಿಯೋ ಕ್ಯಾನರರು 1943ರಲ್ಲಿ ಹನ್ನೊಂದು ಮಕ್ಕಳ ಲಕ್ಷಣಗಳನ್ನು ವಿವರಿಸಿ ಆಟಿಸಂ ಎಂಬುದನ್ನು ವೈದ್ಯಲೋಕದ ಗಮನಕ್ಕೆ ತಂದರು. ಆದರೆ ಅಲ್ಲಿಂದ ಮುಂದೆ, ಹೆತ್ತವರ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂಬ ಮತ ಬೆಳೆಯಿತು. ತಾಯಂದಿರನ್ನು ಶೀತಪೆಟ್ಟಿಗೆಗೆ ಹೋಲಿಸಿದರು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಎಂಬವರು ಅದನ್ನೇ ದೊಡ್ಡ ಗ್ರಂಥವಾಗಿ ಬರೆದು ಕೀರ್ತಿ ಪಡೆದರು. ಅದಕ್ಕೆ ಮೊದಲೇ, 1964ರಲ್ಲಿ, ಬರ್ನಾರ್ಡ್ ರಿಮ್ಲೆಂಡ್ ಎಂಬ ಮನಶ್ಶಾಸ್ತ್ರಜ್ಞರು ಇದು ಶರೀರಧರ್ಮಕ್ಕೆ ಸಂಬಂಧಿಸಿದುದೆಂದು ವಾದಿಸಿ ಆ ಮತವನ್ನು ಖಂಡಿಸಿದ್ದರು. ಅವರು ಸ್ವತಃ ಆಟಿಸಂ ಇದ್ದ ಮಗುವಿನ ತಂದೆ. 1977ರಲ್ಲಿ ಇಂಗ್ಲೆಂಡಿನಲ್ಲಿ ಅವಳಿಜವಳಿ ಮಕ್ಕಳನ್ನು ಕುರಿತು ನಡೆದ ಪರಿಶೀಲನೆಯು ವಂಶವಾಹಿಯ ಪಾತ್ರವನ್ನು ಎತ್ತಿತೋರಿಸಿತು. ವಿದ್ವಾಂಸರು ತಮ್ಮ ತಪ್ಪನ್ನು ತಿದ್ದಿಕೊಂಡರು. ಅಷ್ಟರೊಳಗೆ ಒಂದು ತಲೆಮಾರಿನ ತಾಯಂದಿರು ಮಾಡದ ಅಪರಾಧಕ್ಕಾಗಿ ಕೊರಗಿಯಾಗಿತ್ತು.

ನಮ್ಮಲ್ಲಿ ಆ ಅಪವಾದ ಬೇರೆ ವೇಷದಲ್ಲಿ ಬದುಕಿದೆ. ಬಸುರಿನಲ್ಲಿ ಗ್ರಹಣ ನೋಡಿದಳು, ಪೂರ್ವಕರ್ಮ, ಮನೆದೇವರಿಗೆ ಹರಕೆ ತಪ್ಪಿತು ಎಂದು ಹಿರಿಯರು ಹೇಳುವರು. ಕೆಲಸಕ್ಕೆ ಹೋದಳು, ಮಗುವಿನ ಕೈಗೆ ಮೊಬೈಲು ಕೊಟ್ಟಳು ಎಂದು ವಿದ್ಯಾವಂತರು ಹೇಳುವರು. ಎರಡರ ತೀರ್ಪೂ ಒಂದೇ. ಮದುವೆಯ ಮನೆಯಲ್ಲಿ ಮಗು ಗದ್ದಲಕ್ಕೆ ಹೆದರಿ ನೆಲಕ್ಕೆ ಬಿದ್ದು ಹೊರಳಿದರೆ ಹತ್ತು ಜನ ತಾಯಿಯ ಮುಖವನ್ನು ನೋಡುವರು; ಒಬ್ಬರೂ ಆ ವಾದ್ಯವನ್ನು ಸ್ವಲ್ಪ ಹೊತ್ತು ನಿಲ್ಲಿಸಿರೆಂದು ಹೇಳಲಾರರು. ನಮ್ಮ ಗುಮಾಸ್ತರ ಪತ್ನಿ ಮನೆಬಿಟ್ಟು ಹೊರಡದಿರುವುದಕ್ಕೆ ಕಾರಣವನ್ನು ಬೇರೆಲ್ಲಿ ಹುಡುಕಬೇಕು?

ಇಂಥ ನೊಂದ ಮನಸ್ಸೇ ವಂಚಕರ ಬೇಟೆಯ ಹೊಲ. ಜೀವಕೋಶ ಚಿಕಿತ್ಸೆಯಿಂದ ಆಟಿಸಂ ಗುಣವಾಗುವುದೆಂದು ನಂಬಿಸಿ ಲಕ್ಷಗಟ್ಟಲೆ ಹಣ ಕೀಳುವ ವ್ಯಾಪಾರ ಬೆಳೆದುದರಿಂದಲೇ, ಅದು ಆಟಿಸಂಗೆ ಯುಕ್ತವಾದ ಚಿಕಿತ್ಸೆಯಲ್ಲವೆಂದೂ ಅದರ ಪ್ರಚಾರವು ವೃತ್ತಿದುರ್ನಡತೆಯೆಂದೂ ರಾಷ್ಟ್ರೀಯ ವೈದ್ಯಕೀಯ ಆಯೋಗದವರು 2022ರಲ್ಲಿ ಸಾರಬೇಕಾಯಿತು. ಹೆತ್ತವರಿಗೆ ಕಾಲದಲ್ಲಿ ಸತ್ಯ ಹೇಳಿ ಧೈರ್ಯ ಕೊಡುವವರೊಬ್ಬರಿದ್ದರೆ ಮನೆಯ ಒಡವೆಗಳು ಗಿರವಿಯ ಅಂಗಡಿಗೆ ಹೋಗುತ್ತಿರಲಿಲ್ಲ.

ಸರಕಾರದವರು ಏನನ್ನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂ ಎಂಬ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಅದನ್ನು ಒಪ್ಪಿಕೊಂಡಿತು. 2016ರ ಕಾಯಿದೆಯು ಏಳಿದ್ದ ವೈಕಲ್ಯಗಳ ಪಟ್ಟಿಯನ್ನು ಇಪ್ಪತ್ತೊಂದಕ್ಕೆ ಏರಿಸಿ ಆಟಿಸಂ ಮತ್ತು ಕಲಿಕೆಯ ನ್ಯೂನತೆಗಳನ್ನು ಸೇರಿಸಿತು. ಮಕ್ಕಳ ಆರೋಗ್ಯ ತಪಾಸಣೆಗಾಗಿ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಯಿತು. ಜಿಲ್ಲೆಗಳಲ್ಲಿ ಶೀಘ್ರ ಪತ್ತೆಯ ಕೇಂದ್ರಗಳನ್ನು ಏರ್ಪಡಿಸಲಾಯಿತು. ಶಾಲೆಗಳಲ್ಲಿ ವಿಶೇಷ ಮಕ್ಕಳು ಪ್ರಾಥಮಿಕ ಹಂತದಲ್ಲಿ ಹತ್ತು ಮಂದಿಗೆ, ಮೇಲಿನ ಹಂತದಲ್ಲಿ ಹದಿನೈದು ಮಂದಿಗೆ ಒಬ್ಬರಂತೆ ವಿಶೇಷ ಶಿಕ್ಷಕರು ಇರತಕ್ಕದ್ದೆಂದು ಸುಪ್ರೀಂ ಕೋರ್ಟು 2021ರಲ್ಲಿ ವಿಧಿಸಿತು. ಹುದ್ದೆಗಳನ್ನು ಗೊತ್ತುಪಡಿಸಿ ಪ್ರಕಟಿಸಬೇಕೆಂದು 2025ರಲ್ಲಿ ರಾಜ್ಯಗಳಿಗೆ ಮತ್ತೆ ಆಜ್ಞಾಪಿಸಬೇಕಾಯಿತು. ಮತ್ತೆ ಆಜ್ಞಾಪಿಸಬೇಕಾಯಿತೆಂಬ ಮಾತಿನಲ್ಲಿಯೇ ನಡುವಣ ವರ್ಷಗಳ ಕಥೆ ಅಡಗಿದೆ.

ಆದರೆ ಈ ಎಲ್ಲ ಏರ್ಪಾಡುಗಳಲ್ಲಿ ಒಂದು ದೊಡ್ಡ ಲೋಪವುಂಟು. ಸರಕಾರದ ಕಣ್ಣಿಗೆ ಬೀಳುವುದು ಮಗುವಿನ ಶೇಕಡಾವಾರು. ನೂರಕ್ಕೆ 40ರಷ್ಟು ವೈಕಲ್ಯವಿದ್ದರೆ ಸವಲತ್ತು. ಅದರ ಕೆಳಗಿದ್ದರೆ ಬಹುಮಟ್ಟಿಗೆ ಬರಿಗೈ. ಎ.ಡಿ.ಎಚ್.ಡಿ.ಯಾದರೋ ಆ ಇಪ್ಪತ್ತೊಂದರ ಪಟ್ಟಿಯಲ್ಲಿಯೇ ಇಲ್ಲ. ಪ್ರಮಾಣಪತ್ರವನ್ನು ಕೈಯಲ್ಲಿಟ್ಟು ಕಳುಹಿದ ಮೇಲೆ ಆ ತಾಯಿ ರಾತ್ರಿ ನಿದ್ದೆಮಾಡುವಳೋ ಇಲ್ಲವೋ ಎಂದು ಕೇಳುವ ಇಲಾಖೆ ಯಾವುದು? ಮಗುವಿನ ಆರೋಗ್ಯ ಒಂದು ಇಲಾಖೆಯದು, ಅಂಗನವಾಡಿ ಇನ್ನೊಂದರದು, ಶಾಲೆ ಮತ್ತೊಂದರದು, ಮಾಸಾಶನ ಬೇರೊಂದರದು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯನ್ನು ಇಲಾಖೆಗಳಿಗೂ ಅನ್ವಯಿಸಬಹುದಾಗಿದೆ.

ಕಾಯಿದೆಯಲ್ಲಿ ಅವಕಾಶವಿಲ್ಲವೆಂದು ಯಾವ ಅಧಿಕಾರಿಯೂ ಹೇಳುವಂತಿಲ್ಲ. 2016ರ ಕಾಯಿದೆಯ 47ನೆಯ ಕಲಮು ಆರೈಕೆಯ ವಿಷಯದಲ್ಲಿ ಕುಟುಂಬದವರಿಗೂ ತರಬೇತು ಕೊಡಬೇಕೆಂದು ಹೇಳುತ್ತದೆ. ಕೊರತೆಯಿರುವುದು ಅಕ್ಷರದಲ್ಲಲ್ಲ, ಆಚರಣೆಯಲ್ಲಿ.

ಹೆತ್ತವರ ಮನಸ್ಸಿಗೆ ಕೊಡತಕ್ಕ ಆಸರೆಯೆಂದರೆ ಬರಿಯ ಸಮಾಧಾನದ ಮಾತೆಂದು ತಿಳಿಯಬಾರದು. ಮೊದಲನೆಯದಾಗಿ, ಮಗುವಿನ ಸ್ಥಿತಿಯನ್ನು ತಿಳಿಸುವ ದಿನ ವೈದ್ಯರು ಅರ್ಧ ಗಂಟೆ ಕುಳಿತು, ತಂದೆತಾಯಿಗಳಿಬ್ಬರಿಗೂ, ಅವರ ಭಾಷೆಯಲ್ಲಿ, ಇದು ನಿಮ್ಮ ತಪ್ಪಲ್ಲವೆಂದು ಬಾಯಿಬಿಟ್ಟು ಹೇಳಬೇಕು. ಎರಡನೆಯದಾಗಿ, ಮಗುವಿನೊಡನೆ ಆಡುವ, ಅದರ ಸಂಜ್ಞೆಯನ್ನು ಕಾದು ಓದುವ, ಹಟದ ಹಿಂದಿನ ಭಯವನ್ನು ಗುರುತಿಸುವ ಕ್ರಮವನ್ನು ಕೈಹಿಡಿದು ಕಲಿಸಬೇಕು. ಏನು ಮಾಡಬೇಕೆಂದು ತಿಳಿದ ತಾಯಿಯ ದುಃಖ ಅರ್ಧಕ್ಕಿಳಿಯುತ್ತದೆ. ಮೂರನೆಯದಾಗಿ, ಅದೇ ದಾರಿಯಲ್ಲಿ ನಡೆದ ಇತರ ಹೆತ್ತವರ ಸಂಗ ದೊರೆಯಬೇಕು. ನಾಲ್ಕನೆಯದಾಗಿ, ವಾರದಲ್ಲಿ ಕೆಲವು ಗಂಟೆಯಾದರೂ ಮಗುವನ್ನು ನಂಬಿಕೆಯ ಕೈಯಲ್ಲಿ ಬಿಟ್ಟು ವಿಶ್ರಮಿಸುವ ಅನುಕೂಲವಿರಬೇಕು. ಕೊನೆಯದಾಗಿ, “ನಮ್ಮ ಕಾಲಾನಂತರ ಈ ಮಗುವಿನ ಗತಿಯೇನು” ಎಂಬ ಭಯಕ್ಕೆ ಉತ್ತರ ಬೇಕು. ಹದಿನೆಂಟು ತುಂಬಿದವರಿಗೆ ಪಾಲಕರನ್ನು ನೇಮಿಸಲು 1999ರ ಕಾಯಿದೆಯ ಮೇರೆಗೆ ಜಿಲ್ಲೆಗಳಲ್ಲಿ ಸ್ಥಳೀಯ ಸಮಿತಿಗಳುಂಟು. ಅವು ಹೊತ್ತಿಗೆ ಸರಿಯಾಗಿ ಕೂಡಿ ತೀರ್ಮಾನ ಕೊಡುವುದೂ ಮನಸ್ಸಿಗೆ ಕೊಡುವ ಔಷಧವೇ.

ಮಗುವಿನ ಮನಸ್ಸನ್ನೂ ಮರೆಯಲಾಗದು. ಮಾತು ಬಾರದ ಮಗುವಿಗೆ ಅವಮಾನವೂ ತಿಳಿಯದೆಂದು ಭಾವಿಸುವುದು ದೊಡ್ಡ ಪ್ರಮಾದ. ದಿನವೂ ದಡ್ಡ, ಪೋಕರಿ ಎನ್ನಿಸಿಕೊಳ್ಳುವ ಹುಡುಗನು ಹತ್ತು ವರ್ಷಕ್ಕೆ ಅದನ್ನೇ ನಂಬುತ್ತಾನೆ. ಉಳಿದವರಂತೆ ತೋರಲು ಇಡೀ ದಿನ ಶಾಲೆಯಲ್ಲಿ ತನ್ನನ್ನು ಬಿಗಿಹಿಡಿದುಕೊಂಡ ಹುಡುಗಿ ಸಂಜೆ ಮನೆಯಲ್ಲಿ ಒಡೆದು ಅಳುತ್ತಾಳೆ. ಮನೆಯವರು ಕಾರಣ ತಿಳಿಯದೆ ಗದರಿಸುತ್ತಾರೆ. ಇಂಥ ಮಕ್ಕಳಲ್ಲಿ ಭಯವೂ ಖಿನ್ನತೆಯೂ ಇತರರಿಗಿಂತ ಹೆಚ್ಚೆಂದು ವೈದ್ಯರು ಬಲ್ಲರು.

ಇಷ್ಟಕ್ಕೆಲ್ಲ ತಜ್ಞರೆಲ್ಲಿದ್ದಾರೆ, ಹಣವೆಲ್ಲಿದೆ ಎಂಬ ಆಕ್ಷೇಪಣೆ ಏಳುವುದು ಸಹಜ. ಉತ್ತರಕ್ಕಾಗಿ ನಾವು ಹೊರದೇಶಗಳನ್ನು ನೋಡಬೇಕಾಗಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರರು, ಸ್ಥಳ ಸಾಲದೆ ಹೋದಾಗ, ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳೊಡನೆ ಅವರ ಕುಟುಂಬದವರನ್ನೂ ಇರಿಸಿಕೊಂಡು ಅವರಿಗೆ ತಿಳಿವಳಿಕೆ ಕೊಟ್ಟರು. ಮನೆಯವರನ್ನು ಚಿಕಿತ್ಸೆಯಲ್ಲಿ ಪಾಲುಗಾರರನ್ನಾಗಿ ಮಾಡುವ ಪದ್ಧತಿ ಈ ದೇಶದಲ್ಲಿ ಹೀಗೆ ಹುಟ್ಟಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಚಿಕಿತ್ಸೆಯ ಮೊದಲ ಪಾಠಗಳನ್ನು ಕಲಿಸಿದರು. ಆ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆಟಿಸಂನ ವಿಷಯದಲ್ಲಿಯೇ, ಗೋವೆಯಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ 65 ಮಕ್ಕಳ ಕುಟುಂಬಗಳೊಡನೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದು, ತಜ್ಞರಲ್ಲದ ಕಾರ್ಯಕರ್ತರೂ ತಕ್ಕ ತರಬೇತು ಪಡೆದರೆ ಮನೆಮನೆಗೆ ಹೋಗಿ ಹೆತ್ತವರಿಗೆ ಈ ವಿದ್ಯೆಯನ್ನು ಕಲಿಸಬಲ್ಲರೆಂದೂ, ಅದರಿಂದ ಹೆತ್ತವರು ಮಗುವಿನ ಇಂಗಿತಕ್ಕೆ ಹೊಂದಿಕೊಂಡು ನಡೆಯುವುದು ಹೆಚ್ಚುವುದೆಂದೂ ತೋರಿಸಿತು.

ಕೂಡುಕುಟುಂಬವೇ ನಮ್ಮ ದೇಶದ ಆಸರೆಯಲ್ಲವೇ ಎನ್ನುವವರೂ ಇದ್ದಾರೆ. ಅಜ್ಜಿಯ ಮಡಿಲಿನ ಬೆಲೆಯನ್ನು ನಾವು ಕಡಮೆಯೆಣಿಸುವುದಿಲ್ಲ. ಆದರೆ ಪಟ್ಟಣದ ಎರಡು ಕೋಣೆಯ ಮನೆಯಲ್ಲಿ ಅಜ್ಜಿಯಿಲ್ಲ. ಇರುವಲ್ಲಿಯೂ, ತಿಳಿವಳಿಕೆಯಿಲ್ಲದ ಕುಟುಂಬವು ಆಸರೆಗಿಂತ ನ್ಯಾಯಾಸನವಾಗುವುದೇ ಹೆಚ್ಚು.

ಆದುದರಿಂದ ನಮ್ಮ ಸೂಚನೆಗಳು ಇವು. ಅಂಗನವಾಡಿಯ ಯೋಜನೆ 1975ರಲ್ಲಿ ಆರಂಭವಾದಾಗ ಮೊದಲ 33 ಕ್ಷೇತ್ರಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದಾಗಿತ್ತು. ವಿಶೇಷ ಮಕ್ಕಳನ್ನು ಗುರುತಿಸಿ ಸೇರಿಸಿಕೊಳ್ಳುವ ಕ್ರಮವನ್ನು ಕೇಂದ್ರ ಸರಕಾರದವರು 2023ರಲ್ಲಿ ಅಂಗನವಾಡಿಗಳಿಗೆ ಕೊಟ್ಟಿದ್ದಾರೆ. ಕಾರ್ಯಕರ್ತೆಯ ಮೇಲೆ ಇನ್ನೊಂದು ಲೆಕ್ಕದ ಪುಸ್ತಕ ಹೇರದೆ, ತಕ್ಕ ವೇತನವಿತ್ತು, ಈ ಕೆಲಸಕ್ಕೆಂದೇ ತಾಲ್ಲೂಕಿಗೆ ಕೆಲವರನ್ನು ತರಬೇತುಗೊಳಿಸಬೇಕು. ನಿಮ್ಹಾನ್ಸ್ ಮತ್ತು 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಇವೆರಡೂ ನಮ್ಮ ನಾಡಿನಲ್ಲಿಯೇ ಇವೆ, ಗುರುಗಳಿಗೆ ಬರವಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನ ಹೆತ್ತವರ ಸಭೆಯನ್ನು ಗೊತ್ತುಮಾಡಬೇಕು. 2022ರಲ್ಲಿ ತೊಡಗಿದ ಟೆಲಿ ಮಾನಸ್‌ನ 14416 ಎಂಬ ದೂರವಾಣಿಯಲ್ಲಿ ಕನ್ನಡದಲ್ಲಿಯೇ ಮಾತಾಡಬಹುದೆಂಬುದನ್ನು ಪ್ರತಿಯೊಂದು ಪ್ರಮಾಣಪತ್ರದೊಡನೆಯೂ ಅಚ್ಚುಹಾಕಿ ಕೊಡಬೇಕು.

ಕಚೇರಿಗಳ ಮುಖ್ಯಸ್ಥರಲ್ಲಿಯೂ ಒಂದು ಮಾತು. ಇಂಥ ಮಕ್ಕಳ ಆರೈಕೆಯ ಹೊಣೆಯಿರುವ ನೌಕರರನ್ನು ಸಾಧಾರಣ ವರ್ಗಾವಣೆಯಿಂದ ಬಿಡಬೇಕೆಂದು ಕೇಂದ್ರ ಸರಕಾರದವರು 2014ರಲ್ಲಿ ತಮ್ಮ ಇಲಾಖೆಗಳಿಗೆ ತಿಳಿಸಿದ್ದಾರೆ. ವಿಶೇಷ ಮಕ್ಕಳ ತಾಯಂದಿರಾದ ನೌಕರರ ರಜೆಯ ಪ್ರಶ್ನೆಯನ್ನು ಸುಪ್ರೀಂ ಕೋರ್ಟು 2024ರಲ್ಲಿ ಎತ್ತಿಹಿಡಿದಿದೆ. ರಜೆಯ ಅರ್ಜಿ ಮೇಜಿಗೆ ಬಂದಾಗ ಅದರ ಹಿಂದೆ ಒಂದು ಮನೆಯ ರಾತ್ರಿಗಳಿವೆಯೆಂಬುದನ್ನು ನೆನೆಯುವುದಕ್ಕೆ ಸರಕಾರದ ಸುತ್ತೋಲೆ ಬೇಕಾಗಿಲ್ಲ.

ಪಟ್ಟಣಿಗರು ಮಾಡಬೇಕಾದುದು ಇದಕ್ಕಿಂತಲೂ ಸುಲಭ, ಇದಕ್ಕಿಂತಲೂ ಕಠಿನ. ತಾಯಿಗೆ ಉಪದೇಶ ಹೇಳುವುದನ್ನು ಬಿಡಬೇಕು. ಮಗುವನ್ನು ಹೆಸರು ಹಿಡಿದು ಕರೆಯಬೇಕು. ಮನೆಯ ಶುಭಕಾರ್ಯಕ್ಕೆ ಕರೆಯುವಾಗ “ಮಗುವನ್ನೂ ಕರೆದುಕೊಂಡು ಬನ್ನಿ, ಒಳಗಡೆ ಗದ್ದಲವಿಲ್ಲದ ಒಂದು ಕೋಣೆ ಬಿಟ್ಟಿರುತ್ತೇವೆ” ಎಂದು ಹೇಳಬೇಕು. ಸ್ವರಾಜ್ಯವೆಂಬುದು ಬಲ್ಲಿದರು ತಮ್ಮ ಮಾತನ್ನು ತಾವು ನಡೆಸಿಕೊಳ್ಳುವುದಷ್ಟೇ ಅಲ್ಲ. ಮಾತು ಬಾರದ ಮಗುವಿಗೂ ಊರಿನಲ್ಲಿ ಕುಳಿತುಕೊಳ್ಳಲು ಎಡೆಯಿರುವುದು.

ಆ ಗೃಹಸ್ಥರು ಹೊರಡುವಾಗ ತಮ್ಮ ಹೆಸರನ್ನು ಬರೆಯಬಾರದೆಂದು ಕೈಮುಗಿದು ಕೇಳಿಕೊಂಡರು. ಅವರು ಯಾವ ತಪ್ಪನ್ನೂ ಮಾಡಿದವರಲ್ಲ. ಆದರೂ ಹೆಸರು ಮುಚ್ಚಿಡಬೇಕಾಗಿ ಬಂದಿರುವುದು ಈ ಊರಿಗೆ ಭೂಷಣವಲ್ಲ.