ತಂಬಿಗೆಯ ಮೇಲಿನ ಹೆಸರು

ನಮ್ಮ ಮನೆಯಲ್ಲಿ ಒಂದು ಹಿತ್ತಾಳೆಯ ತಂಬಿಗೆ ಇದೆ. ಅದರ ಕಂಠದ ಕೆಳಗೆ ನಮ್ಮ ಅಜ್ಜಿಯ ಹೆಸರನ್ನು ಚುಕ್ಕೆ ಚುಕ್ಕೆಯಾಗಿ ಕೊರೆದಿದ್ದಾರೆ. ಮದುವೆ, ಮುಂಜಿವೆ, ಸತ್ಯನಾರಾಯಣ ಪೂಜೆ ಎಂದು ಅದು ಸುತ್ತದ ಮನೆಯಿಲ್ಲ. ಆದರೂ ಪ್ರತಿ ಸಲವೂ ತಪ್ಪದೆ ಮರಳಿ ಬಂದಿದೆ. ಹೆಸರಿಲ್ಲದ ಸೌಟುಗಳು ಮಾತ್ರ ಹೋದವು ಹೋದವೇ! ಈ ಸಣ್ಣ ಸಂಗತಿಯ ಬೆಲೆ ನಮಗೆ ತಿಳಿದದ್ದು ಅಡಿಗೆಮನೆಯಲ್ಲಲ್ಲ, ಕಚೇರಿಯಲ್ಲಿ.

ನಮ್ಮ ಕಾಮಠಿ ಕನ್ಹಾನ್ ನದಿಯ ದಂಡೆಯಲ್ಲಿ ೧೮೨೧ರಲ್ಲಿ ದಂಡಿನ ಊರಾಗಿ ನೆಲೆಗೊಂಡದ್ದು. ಇಂಥ ಊರಿನಲ್ಲಿ ಗುಮಾಸ್ತರಾದವರಿಗೆ ಎಣಿಸುವ ಕೆಲಸ ತಪ್ಪುವುದುಂಟೆ? ಮಾರ್ಚ್ ತಿಂಗಳು ಸಮೀಪಿಸಿತೆಂದರೆ ದಪ್ಪ ವಹಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಕೋಣೆಯಿಂದ ಕೋಣೆಗೆ ನಮ್ಮ ಸವಾರಿ ಹೊರಡುತ್ತದೆ. ಡೆಡ್ ಸ್ಟಾಕ್ ರಿಜಿಸ್ಟರ್ ಎಂಬ ಈ ವಹಿಗೆ ಇಲ್ಲಿನ ಮರಾಠಿಯಲ್ಲಿ ‘ಜಡವಸ್ತು ನೋಂದವಹಿ’ ಎನ್ನುತ್ತಾರೆ. ಜಡವೆಂದು ಹೆಸರಿಟ್ಟರೂ ಇವುಗಳಷ್ಟು ಓಡಾಡುವ ವಸ್ತುಗಳನ್ನು ನಾವು ಬೇರೆಲ್ಲೂ ಕಂಡಿಲ್ಲ. ಸಾಹೇಬರ ಕೋಣೆಯಲ್ಲಿದ್ದ ಕುರ್ಚಿ ಬೆಳಗಾಗುವುದರೊಳಗೆ ಚಹದ ಮೂಲೆಯಲ್ಲಿ ಕುಳಿತಿರುತ್ತದೆ.

ಎಣಿಸುವುದು ನಮ್ಮ ಹವ್ಯಾಸವಲ್ಲ, ಕಾನೂನು. ಕೇಂದ್ರ ಸರಕಾರದ ೨೦೧೭ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ೨೧೩ನೆಯದು ಹೀಗೆ ವಿಧಿಸುತ್ತದೆ: ಸ್ಥಿರ ಸ್ವತ್ತುಗಳನ್ನು ವರ್ಷಕ್ಕೊಮ್ಮೆಯಾದರೂ ತಾಳೆ ನೋಡಬೇಕು, ಕಂಡದ್ದನ್ನು ವಹಿಯಲ್ಲಿ ಬರೆಯಬೇಕು, ವ್ಯತ್ಯಾಸವಿದ್ದರೆ ಒಡನೆ ವಿಚಾರಿಸಬೇಕು. ಮೇಜು, ಕುರ್ಚಿ, ಯಂತ್ರಗಳಿಗೆ ೨೨ನೆಯ ನಮೂನೆಯ ವಹಿ. ಕಾಗದ ಮೊದಲಾದ ಸವೆಯುವ ಸಾಮಾನಿಗೆ ೨೩ನೆಯದು. ಗ್ರಂಥಾಲಯದ ಪುಸ್ತಕಗಳ ಮೇಲೆ ಮಾತ್ರ ನಿಯಮಕ್ಕೂ ಕೊಂಚ ದಯೆ. ವರ್ಷದಲ್ಲಿ ಓದಲು ಕೊಟ್ಟ ೧,೦೦೦ ಪುಸ್ತಕಗಳಿಗೆ ೫ ಕಳೆದರೆ, ಅದರಲ್ಲಿ ಅಪ್ರಾಮಾಣಿಕತೆಯಾಗಲಿ ಅಲಕ್ಷ್ಯವಾಗಲಿ ಇಲ್ಲದ ಪಕ್ಷದಲ್ಲಿ, ಸಹಜವೆಂದು ಒಪ್ಪಬಹುದಂತೆ. ಕುರ್ಚಿಗೆ ಆ ಭಾಗ್ಯವಿಲ್ಲ.

ಈಗ ವಹಿಯ ಜೊತೆಗೆ ಇನ್ನೆರಡು ಪಟ್ಟಿಗಳು ಬಂದಿವೆ. ಒಂದು, ಗಣಕಯಂತ್ರಗಳ ಪಟ್ಟಿ. ಪ್ರತಿಯೊಂದು ಯಂತ್ರದಲ್ಲಿಯೂ ಕುಳಿತ ಸಣ್ಣ ತಂತ್ರಾಂಶವೊಂದು ತನ್ನ ಕ್ರಮಸಂಖ್ಯೆ, ಡಿಸ್ಕು, ಮೆಮೊರಿ ಎಲ್ಲವನ್ನೂ ತಾನೇ ಜಾಲದ ಮೂಲಕ ವರದಿ ಮಾಡುತ್ತದೆ. ಎರಡನೆಯದು, ಹೆಲ್ಪ್‌ಡೆಸ್ಕ್ ಎಂಬ ದೂರುಗಳ ಪಟ್ಟಿ. ‘ಪ್ರಿಂಟರ್ ಕಾಗದ ನುಂಗಿತು’ ಎಂದು ಬರೆದರೆ ಒಂದು ದೂರಿನ ಸಂಖ್ಯೆ ಬರುತ್ತದೆ. ಒಳ್ಳೆಯ ಏರ್ಪಾಡೇ. ಆದರೆ ಗಣಕಯಂತ್ರ ತಾನೇನೆಂದು ಹೇಳಿಕೊಳ್ಳುತ್ತದೆಯೇ ಹೊರತು ತಾನು ಯಾವ ಮೇಜಿನ ಮೇಲಿದ್ದೇನೆಂದು ಹೇಳುವುದಿಲ್ಲ. ಆರಿಸಿಟ್ಟರೆ ಅದಕ್ಕೂ ಮೌನ. ಮೇಜು, ಕಪಾಟುಗಳಿಗಂತೂ ಬಾಯಿಯೇ ಇಲ್ಲ. ವಹಿ ಒಬ್ಬರ ಕೈಯಲ್ಲಿ, ಯಂತ್ರದ ಪಟ್ಟಿ ಇನ್ನೊಬ್ಬರ ಕೈಯಲ್ಲಿ, ದೂರುಗಳು ಮತ್ತೊಬ್ಬರ ಕೈಯಲ್ಲಿ. ಒಂದಕ್ಕೊಂದು ಮಾತುಕತೆ ಇಲ್ಲದ ಮೂವರು ಓರಗಿತ್ತಿಯರ ಸಂಸಾರವಿದು.

ಈ ಸಂಸಾರದಲ್ಲಿ ಪೆಟ್ಟು ತಿಂದವರು ನಮ್ಮ ಉಗ್ರಾಣದ ಕಾಕಾ. ೨೦೨೪ರ ಫೆಬ್ರವರಿಯಲ್ಲಿ ಅವರ ನಿವೃತ್ತಿಗೆ ಇನ್ನು ಒಂದು ತಿಂಗಳಿತ್ತು. ಚಾರ್ಜು ಒಪ್ಪಿಸುವಾಗ ವಹಿಯಲ್ಲಿ ೩೨ ಯು.ಪಿ.ಎಸ್., ನೆಲದ ಮೇಲೆ ೩೧. ವಿದ್ಯುತ್ತು ಹೋದಾಗ ಗಣಕಯಂತ್ರವನ್ನು ಕೊಂಚ ಹೊತ್ತು ಕಾಯುವ ಡಬ್ಬಿ ಅದು. ಜಾಲಕ್ಕೆ ಜೋಡಿಸಿರದ ಕಾರಣ ಯಂತ್ರಗಳ ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ. ‘ಬಾಕಿ ಇಲ್ಲ’ ಎಂಬ ಪ್ರಮಾಣಪತ್ರ ಅಲ್ಲಿಗೇ ನಿಂತಿತು.

“ಬಾಳಾ, ಇಷ್ಟು ವರ್ಷದಲ್ಲಿ ಒಂದು ಪೆನ್ಸಿಲನ್ನೂ ಮನೆಗೆ ಒಯ್ದವನಲ್ಲ. ಹೋಗೋ ಹೊತ್ತಿಗೆ ಈ ಡಬ್ಬಿ ನನ್ನ ಹೆಸರಿಗೆ ಹತ್ತಿತಲ್ಲ! ದುಡ್ಡು ಕಟ್ಟಿ ಕೈ ತೊಳೆದುಕೊಳ್ಳುತ್ತೇನೆ” ಎಂದರು. ದುಡ್ಡು ಕಟ್ಟಿದರೆ ಕಡತ ಮುಚ್ಚೀತು, ನಿಜ. ಆದರೆ ಕಳೆದದ್ದು ಅವರೇ ಎಂದು ಆ ಕಡತ ಎಂದೆಂದಿಗೂ ಹೇಳುತ್ತಿರುತ್ತದೆ. “ನಾಲ್ಕು ದಿನ ತಡೆಯಿರಿ, ಕಾಕಾ” ಎಂದೆವು.

ಸಂಜೆ ಹೊತ್ತು ಕುಳಿತು ಹಳೆಯ ದೂರುಗಳನ್ನು ಒಂದೊಂದಾಗಿ ಓದತೊಡಗಿದೆವು. ಮೂರನೆಯ ಸಂಜೆ, ೨೦೨೧ರ ಜುಲೈ ತಿಂಗಳ ದೂರೊಂದು ಸಿಕ್ಕಿತು: ‘ಕೋಣೆ ೭, ಯು.ಪಿ.ಎಸ್. ಬ್ಯಾಟರಿ ಉಬ್ಬಿದೆ. ದುರಸ್ತಿಗೆ ಒಯ್ಯಲಾಗಿದೆ. ದೂರು ಮುಕ್ತಾಯ.’ ಒಯ್ದದ್ದಕ್ಕೆ ದೂರು ಮುಗಿಯಿತೇ ಹೊರತು ತಂದದ್ದಕ್ಕಲ್ಲ! ಆ ತಾರೀಖನ್ನು ಹಿಡಿದು ಹುಡುಕಿದಾಗ ಗೇಟ್ ಪಾಸಿನ ಪ್ರತಿಯೂ, ಒಯ್ದವನ ಸಹಿಯೂ ದೊರೆತವು. ಡಬ್ಬಿ ಬರಲಿಲ್ಲ, ಕಾಕಾರ ಮಾನ ಮರಳಿ ಬಂತು. ಆ ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. ಮಾತಾಡಲಿಲ್ಲ.

ಅಂದಿನಿಂದ ನಮ್ಮ ಮನಸ್ಸಿನಲ್ಲಿ ನಿಂತ ಮಾತು ಇಷ್ಟೆ. ಪಟ್ಟಿಗಳು ಮೂರಿರಲಿ, ಮೂವತ್ತಿರಲಿ. ವಸ್ತುವಿನ ಸಂಖ್ಯೆ ಒಂದೇ ಇರಬೇಕು. ಬಣ್ಣದಿಂದ ಬರೆದ ಆ ಸಂಖ್ಯೆಯೇ ವಹಿಯಲ್ಲಿಯೂ, ತಂತ್ರಾಂಶದಲ್ಲಿಯೂ, ದೂರಿನಲ್ಲಿಯೂ ಕಾಣಬೇಕು. ೨೦೦೩ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಜಿ.ಎಲ್.ಪಿ.ಐ. ಎಂಬ ಉಚಿತ ತಂತ್ರಾಂಶದಲ್ಲಿ ಪ್ರತಿ ದೂರನ್ನೂ ಆಯಾ ವಸ್ತುವಿಗೇ ಗಂಟುಹಾಕಬಹುದು. ಆದರೆ ಗಂಟುಹಾಕುವ ಕೈ ಮನುಷ್ಯರದು. ಸಂಖ್ಯೆಯಿಲ್ಲದ ದೂರನ್ನು ತೆಗೆದುಕೊಳ್ಳಬಾರದು. ಒಯ್ದ ವಸ್ತು ಮರಳುವವರೆಗೆ, ಇಲ್ಲವೆ ವಿಧಿವತ್ತಾಗಿ ವಹಿಯಿಂದ ಇಳಿಯುವವರೆಗೆ, ದೂರನ್ನು ಮುಗಿಸಬಾರದು. ಕೆಟ್ಟ ಯಂತ್ರವನ್ನು ಕಂಡ ಗುಜರಿಗೆ ಹಾಕುವಂತೆಯೂ ಇಲ್ಲ. ೨೦೨೩ರ ಏಪ್ರಿಲ್ ೧ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯದ ನಿಯಮಗಳಿವೆ. ಇನ್ನು ಎಣಿಕೆಯನ್ನು ಎರಡು ಕಡೆಯಿಂದಲೂ ಮಾಡಬೇಕು: ವಹಿಯಲ್ಲಿರುವುದು ನೆಲದ ಮೇಲಿದೆಯೆ, ನೆಲದ ಮೇಲಿರುವುದು ವಹಿಯಲ್ಲಿದೆಯೆ?

ಲೆಕ್ಕವೆಂದರೆ ಕಳ್ಳರನ್ನು ಹಿಡಿಯುವ ಬಲೆಯೆಂದು ನಾವೂ ಬಹುಕಾಲ ತಿಳಿದಿದ್ದೆವು. ಅದು ಮೊದಲು ಪ್ರಾಮಾಣಿಕರನ್ನು ಕಾಯುವ ಬೇಲಿ. ಬೇಲಿ ಮುರಿದಲ್ಲಿ ಸಿಕ್ಕಿಬೀಳುವವರು ಕಾಕಾರಂಥವರು.

ಕಳೆದ ಭಾನುವಾರ ಹೊಸ ಸ್ಟೀಲ್ ಡಬ್ಬಿಗಳನ್ನು ತಂದ ನಮ್ಮ ಮನೆಯವರು, “ಹೆಸರು ಹಾಕಿಸಿಕೊಂಡು ಬನ್ನಿ” ಎಂದು ನಮ್ಮ ಕೈಗಿತ್ತರು. ಮೊದಲಾಗಿದ್ದರೆ ಗೊಣಗುತ್ತಿದ್ದೆವು. ಈ ಸಲ ಮರುಮಾತಾಡದೆ ಚೀಲ ಹಿಡಿದು ಹೊರಟೆವು.