ಭೀಮನಿಗೊಂದು ಮನೆ

ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಎಂಬ ಗಾದೆ ನಮ್ಮಲ್ಲಿದೆ. ಹಿರಿಯರು ಅದನ್ನು ಯಾವ ಅರ್ಥದಲ್ಲಿ ಹೇಳಿದರೋ ತಿಳಿಯದು. ನಾವು ಮಾತ್ರ ಅದನ್ನು ಒಂದು ನಾಯಿಯ ವಿಷಯದಲ್ಲಿ ಪ್ರಯೋಗಿಸಲು ಹೋಗಿ ತಲೆತಗ್ಗಿಸಬೇಕಾಯಿತು. ಸಾವಿರವೇನೂ ಹೇಳಲಿಲ್ಲ; ಒಂದೇ ಒಂದು ಸಂಗತಿಯನ್ನು ಮುಚ್ಚಿಟ್ಟೆವು. ಅಷ್ಟೇ ಸಾಕಾಯಿತು.

ಕಳೆದ ಡಿಸೆಂಬರಿನಲ್ಲಿ, ಕ್ರಿಸ್ಮಸ್ ಪರೀಕ್ಷೆಯ ದಿನಗಳಲ್ಲಿ, ನಮ್ಮ ಶಾಲೆಯ ಕೆಳಗಿನ ಬಸ್ಸು ತಂಗುದಾಣದ ಕಂಬಕ್ಕೆ ಯಾರೋ ಒಂದು ನಾಯಿಯನ್ನು ನೈಲಾನ್ ಹಗ್ಗದಲ್ಲಿ ಕಟ್ಟಿ ಹೋಗಿದ್ದರು. ನೆಟ್ಟನೆಯ ಕಿವಿ, ಕಪ್ಪು ಬೆನ್ನು, ಅಲ್ಸೇಶಿಯನ್ ಬೆರಕೆ ಇರಬೇಕು. ಕರುವಿನಷ್ಟು ಎತ್ತರವಿದ್ದರೂ ಹಲ್ಲು ನೋಡಿದ ಪಶುವೈದ್ಯರು ಇನ್ನೂ ವರ್ಷ ತುಂಬಿಲ್ಲವೆಂದರು. ಒಂಬತ್ತನೆಯ ತರಗತಿಯ ಮಕ್ಕಳು ತಮ್ಮ ಬುತ್ತಿಯ ಅನ್ನವನ್ನು ಹಂಚಿ ಹಾಕಿದರು. ಅದು ತಿನ್ನುವ ರಭಸ ನೋಡಿ ಭೀಮನೆಂದು ಹೆಸರಿಟ್ಟರು.

ಶಾಲೆಯ ವಠಾರದಲ್ಲಿ ಅದನ್ನು ಇರಿಸಿಕೊಳ್ಳುವಂತಿರಲಿಲ್ಲ. ಶಾಲೆ, ಆಸ್ಪತ್ರೆ, ಬಸ್ಸು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವುಗೊಳಿಸಬೇಕೆಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತ್ತು. ಆದೇಶವಿಲ್ಲದಿದ್ದರೂ, ನಾಯಿಯನ್ನು ಕಂಡು ಹೆದರುವ ಪುಟ್ಟ ಮಕ್ಕಳ ಮಾತನ್ನು ಕೇಳಲೇಬೇಕು. ಆದುದರಿಂದ ನಾವು ಅದನ್ನು ನಮ್ಮ ಮನೆಗೆ ಕರೆತಂದೆವು. ಆದರೆ ಮನೆಯಲ್ಲಿ ವಯಸ್ಸಾದ ತಾಯಿಯವರಿದ್ದಾರೆ. ಭೀಮನು ಪ್ರೀತಿ ತೋರಿಸುವುದೆಂದರೆ ಎರಡೂ ಮುಂಗಾಲುಗಳನ್ನು ಎದುರಿನವರ ಎದೆಗೆ ಊರುವುದು. ಒಂದು ಸಂಜೆ ತಾಯಿ ಅಂಗಳದಲ್ಲಿ ಬಿದ್ದರು. ಪುಣ್ಯಕ್ಕೆ ಏಟಾಗಲಿಲ್ಲ. ಬೇರೆ ಮನೆ ಹುಡುಕದೆ ನಿರ್ವಾಹವಿಲ್ಲವೆಂದು ಅಂದೇ ನಿಶ್ಚಯಿಸಿದೆವು.

ಪಕ್ಕದ ಗ್ರಾಮದ ಕೃಷಿಕರೊಬ್ಬರು ಅಡಿಕೆ ತೋಟಕ್ಕೆ ಬರುವ ಹಂದಿ, ಮಂಗಗಳನ್ನು ಓಡಿಸಲು ನಾಯಿ ಬೇಕೆಂದು ಬಂದರು. "ಕೋಳಿಯ ಮೇಲೆ ಹೋಗುತ್ತದೆಯೋ?" ಎಂದು ಕೇಳಿದರು. ಹಿಂದಿನ ವಾರವಷ್ಟೇ ನೆರೆಮನೆಯ ಹೇಂಟೆಯೊಂದನ್ನು ಭೀಮ ಮುಗಿಸಿದ್ದ. ನಾವು ದುಡ್ಡು ಕೊಟ್ಟು ಸಮಾಧಾನ ಮಾಡಿದ್ದೆವು. ಆದರೂ ನಾವು ಹೇಳಿದ್ದು, "ಇನ್ನೂ ಮರಿ, ಅದಕ್ಕೇನು ಗೊತ್ತು?" ಎಂದು. ಪಕ್ಕದಲ್ಲಿ ನಿಂತಿದ್ದ ನಮ್ಮ ವಿದ್ಯಾರ್ಥಿನಿಯೊಬ್ಬಳು ನೆಲ ನೋಡಿದಳು.

ಐದನೆಯ ದಿನ ಭೀಮನು ಜೀಪಿನಲ್ಲಿ ಮರಳಿ ಬಂದ. ನಾಲ್ಕು ಕೋಳಿಗಳು ಹೋಗಿದ್ದವು. ಬಿಗಿದು ಕಟ್ಟಿದ ಸಂಕಲೆಯನ್ನು ಜಗ್ಗಿ ಜಗ್ಗಿ ಅವನ ಕುತ್ತಿಗೆ ಹುಣ್ಣಾಗಿತ್ತು. ಆ ಕೃಷಿಕರು ಬೈಯಲಿಲ್ಲ. "ಮೊದಲೇ ಹೇಳಿದ್ದರೆ ಗೂಡಿನ ಬಾಗಿಲು ಹಾಕುತ್ತಿದ್ದೆವಲ್ಲ, ಮಾಸ್ಟ್ರೇ" ಎಂದಷ್ಟೇ ಹೇಳಿದರು. ಮರುದಿನ ಆ ಹುಡುಗಿ ಹೇಳಿದ ಮಾತು ಇನ್ನೂ ಚುಚ್ಚುತ್ತದೆ: "ಕೋಳಿಯ ವಿಷಯ ನಾನು ಹೇಳಬೇಕೆಂದಿದ್ದೆ ಸರ್. ನೀವೇ ಹೇಳುತ್ತೀರಿ ಎಂದು ಸುಮ್ಮನಿದ್ದೆ."

ಹೀಗೆ ಪಾಠ ಹೇಳುವ ನಾವೇ ಪಾಠ ಕಲಿತೆವು. ಎರಡನೆಯ ಸಲ ಮಕ್ಕಳೇ ಒಂದು ಕಾಗದ ತಯಾರಿಸಿದರು. ಒಂದು ಬದಿಯಲ್ಲಿ ಕನ್ನಡ, ಇನ್ನೊಂದು ಬದಿಯಲ್ಲಿ ಮಲಯಾಳ. ಎಡಕ್ಕೆ ಗುಣ, ಬಲಕ್ಕೆ ದೋಷ. ಮಕ್ಕಳೊಡನೆ ಆಡುತ್ತಾನೆ, ಕಚ್ಚುವುದಿಲ್ಲ, ರೇಬೀಸ್ ಚುಚ್ಚುಮದ್ದು ಆಗಿದೆ. ಕೋಳಿಯನ್ನು ಹಿಡಿಯುತ್ತಾನೆ, ಮೈಮೇಲೆ ಹಾರುತ್ತಾನೆ, ಒಂಟಿಯಾಗಿ ಕಟ್ಟಿ ಹಾಕಿದರೆ ರಾತ್ರಿಯಿಡೀ ಕೂಗುತ್ತಾನೆ, ತುಂಬ ತಿನ್ನುತ್ತಾನೆ. ಹಾಲಿನ ಸೊಸೈಟಿಯಲ್ಲಿ ಅದನ್ನು ಅಂಟಿಸಿದಾಗ, ದೋಷಗಳ ಪಟ್ಟಿಯನ್ನು ಓದಿ ನಕ್ಕವರೇ ಹೆಚ್ಚು. ಆದರೆ ಆ ಪಟ್ಟಿಯನ್ನು ಓದಿಯೂ ಒಂದು ಮನೆಯವರು ಬಂದರು. ಮನೆಮಾತು ಮಲಯಾಳ; ಕೋಳಿಯಿಲ್ಲ; ಸುತ್ತ ಆವರಣ ಗೋಡೆಯಿದೆ. ಮೂರು ಸಲ ಬಂದು ಭೀಮನೊಡನೆ ಕುಳಿತರು. ನಾವೂ ಅವರ ಮನೆಗೆ ಹೋಗಿ ಅವನು ಮಲಗುವ ಜಾಗವನ್ನು ನೋಡಿ ಬಂದೆವು.

ಹೊರಡುವ ದಿನ ಮಕ್ಕಳು ಅವನ ಗೋಣಿಯನ್ನು ಒಗೆಯದೆ ಕೊಟ್ಟರು. ಪರಿಚಯದ ವಾಸನೆ ಇದ್ದರೆ ಹೊಸ ಜಾಗದಲ್ಲಿ ನಾಯಿಗೆ ಧೈರ್ಯ. ಜೊತೆಗೆ ಶಬ್ದಗಳ ಒಂದು ಚೀಟಿಯನ್ನೂ ಕೊಟ್ಟರು. ನಮ್ಮ ಮಕ್ಕಳು ಅವನಿಗೆ ತುಳುವಿನಲ್ಲಿ "ಕುಲ್ಲು" ಎಂದು ಕಲಿಸಿದ್ದರು. ಆ ಮನೆಯಲ್ಲಿ ಅದಕ್ಕೆ "ಇರಿ" ಎನ್ನುತ್ತಾರೆ. ಮಾತು ತಿಳಿಯದೆ ತರಗತಿಯಲ್ಲಿ ಸುಮ್ಮನೆ ಕುಳಿತ ಮಗುವನ್ನು ದಡ್ಡನೆಂದು ಕರೆಯುವುದು ಎಷ್ಟು ತಪ್ಪು ಎಂಬುದು ಈ ಗಡಿನಾಡಿನ ನಮಗೆ ತಿಳಿಯದ ವಿಷಯವಲ್ಲ. ನಾಯಿಗೂ ಆ ನ್ಯಾಯ ಸಲ್ಲಬೇಕು. ಮೊದಲ ಕೆಲವು ದಿನ ಅದು ಉಣ್ಣದಿರಬಹುದು, ಹಳೆಯ ಮನೆಯ ಕಡೆಗೆ ಓಡಲು ನೋಡಬಹುದು. ಹೊರಗೆ ಕರೆದೊಯ್ಯುವಾಗ ಹಗ್ಗ ಬಿಡಬಾರದು. ಊಟವನ್ನು ಒಮ್ಮೆಗೇ ಬದಲಿಸಬಾರದು. ವಾರಗಳು ಹೋಗಲಿ ಎಂಬ ತಾಳ್ಮೆ ಬೇಕು.

ಸಾಕಿದ ನಾಯಿಯನ್ನು ಇನ್ನೊಬ್ಬರಿಗೆ ಕೊಡುವುದು ದ್ರೋಹವೆಂದು ಕೆಲವರು ಹೇಳುತ್ತಾರೆ. ನಾವು ಒಪ್ಪುವುದಿಲ್ಲ. ಕನ್ನಡದ ಆತಕೂರು ಶಾಸನವನ್ನು ನೆನೆಯಿರಿ. ಕ್ರಿ.ಶ. 949ರ ತಕ್ಕೋಲದ ಯುದ್ಧದ ಬಳಿಕ ಒಡೆಯನು ಮೆಚ್ಚಿ, ಬೇಕಾದುದನ್ನು ಕೇಳು ಎಂದಾಗ ಮಣಲೇರನೆಂಬ ವೀರನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿಯೂ ಒಂದು ಮನೆಯಿಂದ ಇನ್ನೊಂದಕ್ಕೆ ಹೋದದ್ದೇ. ಮುಂದೆ ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಾಗ ಹೊಸ ಒಡೆಯನು ಅದರ ನೆನಪಿಗೆ ಕಲ್ಲು ನಿಲ್ಲಿಸಿದನು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕೈ ಬದಲಾದುದರಿಂದ ಕಾಳಿಯ ಮಾನ ಕಡಿಮೆಯಾಗಲಿಲ್ಲ. ಬೇಕೆಂದು ಕೇಳಿದವನ ಕೈಗೆ ಕೊಡುವುದು ಬೇರೆ. ಕಂಬಕ್ಕೆ ಕಟ್ಟಿ ಓಡುವುದು ಬೇರೆ.

ಎರಡನೆಯದು ಅಪರಾಧವೂ ಹೌದು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ವಿಧಿಯಂತೆ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಶಿಕ್ಷಾರ್ಹ. ತೀರ ಗಿಡ್ಡ ಅಥವಾ ಭಾರವಾದ ಸಂಕಲೆಯಲ್ಲಿ ಮಿತಿಮೀರಿ ಹೊತ್ತು ಕಟ್ಟಿಹಾಕುವುದೂ ಹಾಗೆಯೇ. ಮೊದಲ ಅಪರಾಧಕ್ಕೆ ಆ ಕಾಯಿದೆ ಬರೆದ ದಂಡ 10 ರೂಪಾಯಿಯಿಂದ 50 ರೂಪಾಯಿ. ಇಂದು ಆ ಮೊತ್ತಕ್ಕೆ ಯಾರು ಹೆದರುತ್ತಾರೆ? ದಂಡ ಹಗುರವಾದಲ್ಲಿ ಮನಸ್ಸಾಕ್ಷಿ ಭಾರವಾಗಿರಬೇಕು.

ಹೆತ್ತವರಲ್ಲಿ ನಮ್ಮ ವಿನಂತಿಯಿಷ್ಟೇ. ಮಗು ಹಟ ಮಾಡಿತೆಂದು ದೊಡ್ಡ ಜಾತಿಯ ಮರಿಯನ್ನು ತರುವ ಮೊದಲು ಒಂದು ಲೆಕ್ಕ ಹಾಕಿರಿ. ಅಂಗೈಯಲ್ಲಿ ಹಿಡಿಸುವ ಮರಿ ವರ್ಷದೊಳಗೆ ಹೊಸ್ತಿಲು ತುಂಬುತ್ತದೆ. ಸುಮಾರು ಹತ್ತು ವರ್ಷ ಅದು ಬದುಕುತ್ತದೆ. ಎಂಟನೆಯ ತರಗತಿಯಲ್ಲಿ ತಂದ ಮರಿ ಮಗ ಕೆಲಸ ಹಿಡಿದ ಮೇಲೂ ಅಂಗಳದಲ್ಲಿರುತ್ತದೆ. ಚುಚ್ಚುಮದ್ದು ಹಾಕಿಸಬೇಕು, ಪಂಚಾಯತಿನ ಲೈಸನ್ಸ್ ಪಡೆಯಬೇಕು, ದಿನವೂ ನಡೆಸಬೇಕು. ಇಷ್ಟು ಮಾಡಿಯೂ ಸಾಕಲಾಗದ ದಿನ ಬಂದರೆ ನಾಚಬೇಡಿರಿ. ಗುಣದೋಷಗಳೆರಡನ್ನೂ ಹೇಳಿ, ಹಗಲು ಹೊತ್ತಿನಲ್ಲಿ, ಮುಖ ತೋರಿಸಿ ಕೊಡಿರಿ.

ಪ್ರಿಯ ವಿದ್ಯಾರ್ಥಿಗಳೇ, ಹಿರಿಯರು ಅರ್ಧ ಸತ್ಯ ಹೇಳುತ್ತಿರುವಾಗ ನೀವು ನೆಲ ನೋಡಬೇಡಿರಿ. ವಿನಯದಿಂದ ಉಳಿದರ್ಧವನ್ನು ಹೇಳಿಬಿಡಿರಿ. ನಮಗೆ ಆಗ ಸಿಟ್ಟು ಬಂದರೂ ಬಂದೀತು. ಆದರೆ ನಾಲ್ಕು ಕೋಳಿಗಳೂ ಒಂದು ನಾಯಿಯ ಕುತ್ತಿಗೆಯೂ ಉಳಿಯುತ್ತಿದ್ದವು.

ಕಳೆದ ವಾರ ಭೀಮನನ್ನು ನೋಡಲು ಹೋಗಿದ್ದೆವು. ಮನೆಯವರು "ಇರಿ" ಎಂದರು. ಅವನು ಕುಳಿತನು.