ಐದೂವರೆ ಗಂಟೆಯ ಕಾದಂಬರಿಕಾರ

ಬರವಣಿಗೆ ಕೂಲಿಯಲ್ಲ, ಅದು ತಪಸ್ಸು. ಕೂಲಿ ಕೇಳುವವನು ಸಾಹಿತಿಯೇ ಅಲ್ಲ! ಸಭೆಗಳಲ್ಲಿ ಹೀಗೆ ಹೇಳಿ ಚಪ್ಪಾಳೆ ಗಿಟ್ಟಿಸುವ ಮಹನೀಯರು ಇಂದಿಗೂ ಇದ್ದಾರೆ. ಸ್ಫೂರ್ತಿ ಬಂದರೆ ಬರೆಯುತ್ತಾರಂತೆ, ಬಾರದಿದ್ದರೆ ಇಲ್ಲವಂತೆ. ಸೈರನ್ ಕೂಗುವ ಮೊದಲೇ ಗಿರಣಿಯ ಗೇಟು ಸೇರಬೇಕಾದ ಕೆಲಸಗಾರನೂ, ಗಿರಾಕಿ ಬರಲಿ ಬಿಡಲಿ ಅಂಗಡಿಯ ಬಾಗಿಲು ತೆಗೆಯಲೇಬೇಕಾದ ಚಿಲ್ಲರೆ ವ್ಯಾಪಾರಿಯೂ ಈ ಭಾಗ್ಯವಂತರನ್ನು ಕಂಡು ಬೆರಗಾಗಬೇಕು.

ಈ ಭ್ರಮೆಯನ್ನು ಹರಿದೊಗೆದವನು ಇಂಗ್ಲೆಂಡಿನ ಕಾದಂಬರಿಕಾರ ಆಂಟನಿ ಟ್ರಾಲೋಪ್. 1834ರಲ್ಲಿ ಅಂಚೆ ಇಲಾಖೆಯ ಗುಮಾಸ್ತನಾಗಿ ಸೇರಿ, 1867ರವರೆಗೆ ಅಲ್ಲಿಯೇ ಚಾಕರಿ ಮಾಡಿದ. ಆದರೂ ಬಾಳಿನಲ್ಲಿ 47 ಕಾದಂಬರಿ ಬರೆದ. ಹೇಗೆ? ಬೆಳಗಿನ ಐದೂವರೆಗೆ ಮೇಜಿನ ಮುಂದೆ ಹಾಜರು. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುವುದು. ಆಮೇಲೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಶಬ್ದ. ರೈಲಿನಲ್ಲಿ ಪೆನ್ಸಿಲಿನಿಂದ ಬರೆದುದನ್ನು ಹೆಂಡತಿ ಪ್ರತಿ ಮಾಡುತ್ತಿದ್ದಳು. ದಿನದಿನದ ಪುಟಗಳ ಲೆಕ್ಕ ಅಂಗಡಿಯ ಖಾತೆಯಂತೆ ಪುಸ್ತಕಕ್ಕೆ ಏರುತ್ತಿತ್ತು. ಜೋಡು ಹೊಲಿಯುವವನು ಒಂದು ಜೊತೆ ಮುಗಿಸಿ ಇನ್ನೊಂದಕ್ಕೆ ಕೈಹಾಕುವಂತೆಯೇ ಬರೆಯುವವನೂ ಮಾಡಬೇಕು ಎಂಬುದು ಅವನ ವಾದ.

ಏಕೆ ಬರೆದ? ತಾನೂ ತನ್ನವರೂ ನೆಮ್ಮದಿಯಿಂದ ಬಾಳಲು ಬೇಕಾದ ಹಣಕ್ಕಾಗಿ ಎಂದು ಮುಚ್ಚುಮರೆಯಿಲ್ಲದೆ ಹೇಳಿದ. ಅವನು ಸತ್ತ ಮರುವರ್ಷ, 1883ರಲ್ಲಿ, ಆತ್ಮಕಥೆ ಅಚ್ಚಾಯಿತು. ಅದರಲ್ಲಿ ಪ್ರತಿಯೊಂದು ಪುಸ್ತಕದ ಸಂಪಾದನೆಯ ಪಟ್ಟಿಯಿತ್ತು: ಒಟ್ಟು 68,939 ಪೌಂಡು, 17 ಷಿಲ್ಲಿಂಗು, 5 ಪೆನ್ಸು. ರಸಿಕರು ಮೂಗು ಮುರಿದರು, ಅವನ ಕೀರ್ತಿ ಕುಗ್ಗಿತು. ಲೆಕ್ಕ ಬಚ್ಚಿಡುವವನಿಗೆ ಮರ್ಯಾದೆ, ಲೆಕ್ಕ ತೋರಿಸಿದವನಿಗೆ ಅಪಕೀರ್ತಿ! ಇದೆಂಥ ನ್ಯಾಯ?

ಹಣಕ್ಕಾಗಿ ಬರೆದದ್ದೆಲ್ಲ ಹೀನವೆನ್ನುವವರು ಇವನ ತಾಯಿಯ ಕತೆಯನ್ನೂ ಕೇಳಲಿ. ಗಂಡ ಸಾಲದಲ್ಲಿ ಮುಳುಗಿದಾಗ ಫ್ರಾನ್ಸಿಸ್ ಟ್ರಾಲೋಪ್ ಐವತ್ತು ದಾಟಿದ ಮೇಲೆ ಲೇಖನಿ ಹಿಡಿದಳು. ಸಾಯುತ್ತಿದ್ದ ಮಗನ ಶುಶ್ರೂಷೆಯ ನಡುವೆಯೇ ಕಾದಂಬರಿ ಬರೆದು ಸಂಸಾರ ನಡೆಸಿದಳು. ಅದೇ ಹೆಂಗಸು 1839ರಲ್ಲಿ ಮ್ಯಾಂಚೆಸ್ಟರಿಗೆ ಹೋಗಿ, ಹತ್ತಿಯ ಗಿರಣಿಗಳಲ್ಲಿ ದುಡಿಯುವ ಮಕ್ಕಳ ಪಾಡನ್ನು ನೋಡಿ, ಮೈಕೇಲ್ ಆರ್ಮ್‌ಸ್ಟ್ರಾಂಗ್ ಎಂಬ ಕಾರ್ಖಾನೆಯ ಹುಡುಗನ ಕಾದಂಬರಿ ಬರೆದಳು. ಹೊಟ್ಟೆಗಾಗಿ ಹಿಡಿದ ಲೇಖನಿಯೇ ಗಿರಣಿಯ ಕೂಸುಗಳ ಪರವಾಗಿ ನಿಂತಿತು. ಸ್ಫೂರ್ತಿವಂತರು ಇದಕ್ಕೇನೆನ್ನುತ್ತಾರೆ?

ಬರವಣಿಗೆ ದುಡಿಮೆಯಲ್ಲವೆಂದು ಸಾರಿದರೆ ಯಾರಿಗೆ ಲಾಭ? ಬರೆದವನಿಗಂತೂ ಅಲ್ಲ. ಕಲಾಸೇವೆಯೆಂಬ ಹೆಸರಿನಲ್ಲಿ ಸಂಭಾವನೆ ನುಂಗುವ ಪ್ರಕಾಶಕನಿಗೆ! ದೇಶಸೇವೆಯೆಂದು ಹೇಳಿ ಬೋನಸು ಕೇಳಬೇಡವೆನ್ನುವ ಮಾಲೀಕನೂ ಅವನೂ ಒಂದೇ ಬಳ್ಳಿಯ ಕಾಯಿಗಳು.

ಆದರೆ ಬಂಧುಗಳೇ, ಟ್ರಾಲೋಪನ ಲೆಕ್ಕದಲ್ಲಿ ಇನ್ನೊಂದು ಬಾಬಿದೆ. ಅವನನ್ನು ಎಬ್ಬಿಸಿ ಕಾಫಿ ಕೊಡಲು ಮುದುಕನಾದ ಒಬ್ಬ ಕುದುರೆಯಾಳಿದ್ದ. ಒಂದು ದಿನವೂ ತಡಮಾಡಿದವನಲ್ಲ. ತನ್ನ ಯಶಸ್ಸಿಗೆ ಬೇರೆಲ್ಲರಿಗಿಂತ ಅವನಿಗೇ ಹೆಚ್ಚು ಋಣಿಯಿರಬಹುದೆಂದು ಯಜಮಾನನೇ ಬರೆದಿದ್ದಾನೆ. ಆ ಕೆಲಸಕ್ಕೆ ಕೊಟ್ಟದ್ದು ವರ್ಷಕ್ಕೆ 5 ಪೌಂಡು ಹೆಚ್ಚುವರಿ! ಐದೂವರೆಗೆ ಬರೆಯುವವನನ್ನು ಎಬ್ಬಿಸಬೇಕಾದರೆ ಆ ಮುದುಕ ಎಷ್ಟು ಗಂಟೆಗೆ ಏಳಬೇಕಾಗಿತ್ತು?

ಬರೆಯುವವನ ಕೂಲಿಯನ್ನು ಒಪ್ಪೋಣ, ನಾಚಿಕೆಯಿಲ್ಲದೆ ಕೇಳಲೆನ್ನೋಣ. ಅದರೊಡನೆ ಅವನಿಗಿಂತ ಮುಂಚೆ ಎದ್ದವನ ಕೂಲಿಯನ್ನೂ ಕೇಳೋಣ. ಋಣಿಯೆಂಬ ಮಾತಿನಿಂದ ಯಾರ ಒಲೆಯೂ ಉರಿಯುವುದಿಲ್ಲ.